ಹೆದರಿಕೆಗೊಂದು ಕವಡೆ

ಹೆದರಿಕೆ ಕೆಲವರ ಮನೆಗೆ ಹಬ್ಬಹರಿದಿನಕ್ಕೆ ಬಂದು ಹೋಗುವ ನೆಂಟ. ನಮ್ಮ ಮನೆಯಲ್ಲಿ ಅದಕ್ಕೆ ರೇಷನ್ ಕಾರ್ಡಿನಲ್ಲೇ ಹೆಸರಿದೆ ಎನ್ನಬೇಕು. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಬಸ್‌ಸ್ಟಾಪಿನಿಂದ ವಾಪಸು ಬರುವವನು ನಾನು. ಬಂದು ನೋಡಿದ ಮೇಲೆ, ಈಗ ನೋಡುವ ಭರದಲ್ಲಿ ಎಲ್ಲಿ ತಿರುಗಿಸಿಬಿಟ್ಟೆನೋ ಎಂದು ಮತ್ತೊಮ್ಮೆ ವಾಪಸು ಬರುವವನೂ ನಾನೇ. ಬೆಳಗಿನ ವಾಕಿಂಗಿನಲ್ಲಿ ನಾಯಿ ಎದುರಾದರೆ ರಸ್ತೆ ದಾಟುತ್ತೇನೆ. ಆ ಬದಿಯಲ್ಲೂ ನಾಯಿ ಇದ್ದರೆ ಆಟೊ ಹತ್ತುತ್ತೇನೆ. ಇಂಥವನು ವೃತ್ತಿಯಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು ಎಂದರೆ ನೀವು ನಂಬಲಿಕ್ಕಿಲ್ಲ. ಮಕ್ಕಳು ನನಗೆ ಹೆದರುತ್ತಾರೆ ಎನ್ನುವುದು ಊರಿಗೆಲ್ಲ ಗೊತ್ತು. ನಾನು ಮಕ್ಕಳ ಅಪ್ಪ ಅಮ್ಮಂದಿರಿಗೆ ಹೆದರುತ್ತೇನೆ ಎನ್ನುವುದು ನನ್ನ ಹೆಂಡತಿಗೆ ಮಾತ್ರ ಗೊತ್ತು. ಉತ್ತರ ತಪ್ಪಾಗಿದ್ದರೂ ಲೆಕ್ಕದ ಹಂತಗಳಿಗೆ ಅಂಕ ಕೊಡುವ ಪದ್ಧತಿ ಇದೆಯಲ್ಲ, ನಾನು ಅದಕ್ಕಿಂತ ಸ್ವಲ್ಪ ಮುಂದೆ ಹೋಗಿ, ಪ್ರಶ್ನೆಯ ನಂಬರನ್ನು ಸರಿಯಾಗಿ ಬರೆದವರಿಗೂ ಅರ್ಧ ಅಂಕ ಕೊಡುತ್ತೇನೆ. ಅರ್ಧ ಅಂಕ ಸಿಕ್ಕವರ ಮನೆಯಿಂದ ಯಾರೂ ಜಗಳಕ್ಕೆ ಬರುವುದಿಲ್ಲ. ಜನರನ್ನು ದೂರ ಇಡಲು ಏನಾದರೂ ಒಂದಿಷ್ಟು ಕೊಟ್ಟು ಕಳಿಸುವ ಈ ಚಾಳಿ ಶಾಲೆಯಲ್ಲೇ ಉಳಿದಿದ್ದರೆ ತೊಂದರೆಯಿರಲಿಲ್ಲ. ಅದು ಮನೆಗೂ ಬಂತು. ಬಂದು, ನಮ್ಮ ಅತ್ತೆಯವರ ಕಣ್ಣಿಗೇ ಕುತ್ತು ತರುವುದರಲ್ಲಿತ್ತು.

ಅತ್ತೆ ಎಂದರೆ ನನ್ನ ಹೆಂಡತಿ ಸುಮಿತ್ರಳ ತಾಯಿ, ಗೌರಮ್ಮ. ತಿ. ನರಸೀಪುರದ ಕಡೆಯವರು, ಗದ್ದೆ ಕೆಲಸ ಮಾಡಿ ಗಟ್ಟಿಯಾದ ಜೀವ. ಈಗ ಕೆಲವು ವರ್ಷಗಳಿಂದ ಸರಸ್ವತಿಪುರಂನ ನಮ್ಮ ಮನೆಯಲ್ಲೇ ಇದ್ದಾರೆ. ಚಿಕ್ಕಂದಿನಲ್ಲಿ ಒಕ್ಕಣೆಯ ಕಣದಲ್ಲಿ ಭತ್ತದ ಹೊಟ್ಟು ಬಿದ್ದು, ಹುಣ್ಣಾಗಿ, ಅವರ ಎಡಗಣ್ಣು ಹೋಯಿತು. ಉಳಿದ ಒಂದೇ ಕಣ್ಣಿನಲ್ಲಿ ಅವರು ಅಕ್ಕಿಯ ಕಲ್ಲು ಆರಿಸಿದರು, ಸೂಜಿಗೆ ದಾರ ಪೋಣಿಸಿದರು, ನಾನು ಹೆಣ್ಣು ನೋಡಲು ಹೋದಾಗ ನನ್ನನ್ನು ನೋಡಿ ಒಪ್ಪಿದರು. ಆ ಒಂದು ಸಲ ಮಾತ್ರ ಅಮ್ಮನ ಕಣ್ಣು ಮೋಸ ಹೋಯಿತು ಎನ್ನುವುದು ಸುಮಿತ್ರಳ ಅಭಿಪ್ರಾಯ. ಈಗ ಆ ಕಣ್ಣಿಗೂ ಪೊರೆ ಬಂದಿತ್ತು. ಲಕ್ಷ್ಮೀಪುರಂನ ಕಣ್ಣಿನ ಡಾಕ್ಟರಮ್ಮ ನೋಡಿ, ಆಪರೇಷನ್ ಆಗಬೇಕು, ಭಯಪಡುವಂಥದ್ದೇನಿಲ್ಲ ಎಂದರು. ಡಾಕ್ಟರು ಭಯಪಡುವಂಥದ್ದೇನಿಲ್ಲ ಎಂದರೆ ನನಗೆ ಕೂಡಲೇ ಭಯವಾಗುತ್ತದೆ. ಎರಡು ಕಣ್ಣಿದ್ದವರಿಗೆ ಪೊರೆ ತೆಗೆಸುವುದು ಹಲ್ಲು ಕೀಳಿಸಿದಷ್ಟೇ ಸಲೀಸಿರಬಹುದು. ಒಂದೇ ಕಣ್ಣಿರುವವರಿಗೆ, ಏನಾದರೂ ಹೆಚ್ಚುಕಡಿಮೆಯಾದರೆ ಆಮೇಲೆ ಬರೀ ಕತ್ತಲೆ. ಅತ್ತೆ ಡಾಕ್ಟರಮ್ಮನ ಮಾತಿಗೆಲ್ಲ ತಲೆಯಾಡಿಸಿ, ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, "ಆಷಾಢ ಕಳೀಲಿ ಬುಡವ್ವ" ಎಂದರು. ಆಷಾಢ ಕಳೆಯಿತು. ಗೌರಿ ಹಬ್ಬ ಆಗಲಿ ಎಂದರು. ಆಮೇಲೆ ದಸರಾ ಜನ ಕಮ್ಮಿಯಾಗಲಿ ಎಂದರು. ದಸರಾ ಜನ ಅವರವರ ಊರಿಗೆ ಹೋದ ಮೇಲೆ ಚಳಿಗಾಲದಲ್ಲಿ ಗಾಯ ಮಾಯುವುದಿಲ್ಲ ಎಂದರು, ಚಳಿಯ ಜೊತೆಗೆ ಅವರೆಕಾಯಿಯೂ ಬಂದದ್ದರಿಂದ ಅವರೆಕಾಳಿನ ಸೊಗಡು ಮುಗಿಯುವ ತನಕ ಆಸ್ಪತ್ರೆಯ ಮಾತೇ ಬೇಡ ಎಂದರು. ಸುಮಿತ್ರ ಪ್ರತಿಸಲವೂ ರೇಗುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ನಿಂತು ರೇಗಿದವನಂತೆ ಮುಖ ಮಾಡಿಕೊಂಡು, ಒಳಗೊಳಗೇ ಸದ್ಯ ಎಂದುಕೊಳ್ಳುತ್ತಿದ್ದೆ.

ಈ ಮಧ್ಯೆ ನಮ್ಮ ಮನೆಗೆ ಆಟವೊಂದು ಬಂತು. ಬಿ.ಎಸ್ಸಿ. ಓದುತ್ತಿರುವ ಮಗಳು ಮೇಘನಾ ಗೆಳತಿಯ ಮನೆಯಲ್ಲಿ ಕಲಿತು ತಂದದ್ದು. ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ. ಮನೆ ಬರೆದ ಹಲಗೆಯಿಲ್ಲ, ಕಾಯಿ ನಡೆಸುವಂತಿಲ್ಲ, ಗೆಲ್ಲುವವರೂ ಇಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಪಾತ್ರ, ಒಬ್ಬರು ಮಾತ್ರ ಕಥೆ ನಡೆಸುವವರು. ಅವರು "ನಿಮ್ಮೆದುರು ಒಂದು ಹೊಳೆ ಇದೆ" ಎಂದರೆ ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳಬೇಕು. ಈಜುತ್ತೇನೆ ಎಂದರೆ ದಾಳ ಹಾಕಬೇಕು; ಆ ದಾಳಕ್ಕೆ ಇಪ್ಪತ್ತು ಮುಖ. ದೊಡ್ಡ ಸಂಖ್ಯೆ ಬಿದ್ದರೆ ದಡ ಸೇರಿದಿರಿ, ಒಂದು ಬಿದ್ದರೆ ನಿಮ್ಮ ಗತಿ ಹೊಳೆಯ ಇಷ್ಟ. ಮೊದಲ ಭಾನುವಾರ ನನಗೂ ಒಂದು ಪಾತ್ರ ಕೊಟ್ಟರು, ಕತ್ತಿ ಹಿಡಿದ ಭಟನದ್ದು. ಭಟನು ಕಾಡಿನ ಅಂಚಿನಲ್ಲಿ ನಿಂತು, ಒಳಗೆ ಹೋಗುವುದು ಬೇಡ, ಇಲ್ಲೇ ಎಲ್ಲಾದರೂ ಕೆಲಸ ನೋಡಿಕೊಳ್ಳೋಣ ಎಂದುಬಿಟ್ಟ. ಅಲ್ಲಿಗೆ ಆಟವೇ ನಿಂತಿತು. "ಅಪ್ಪ, ನೀನು ಕಥೆ ನಡೆಸು. ನಡೆಸೋರು ಸಾಯೋದಿಲ್ಲ" ಎಂದಳು ಮೇಘನಾ. ಇಂಥದ್ದೊಂದು ಹುದ್ದೆ ಜಗತ್ತಿನಲ್ಲಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೂಡಲೇ ಒಪ್ಪಿಕೊಂಡೆ.

ಕಥೆ ಇಷ್ಟು. ಒಂದೂರಿನ ದೇವಸ್ಥಾನದ ಗಂಟೆ ಕಳುವಾಗಿದೆ, ಅದನ್ನು ಗುಡ್ಡದ ಮೇಲಿನ ಗವಿಯಲ್ಲಿ ಬಚ್ಚಿಟ್ಟಿದ್ದಾರೆ, ನಾಲ್ವರು ಹೋಗಿ ತರಬೇಕು. ಮೇಘನಾ ಮಾಯಗಾತಿಯಾದಳು. ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುವ ಸುಮಿತ್ರ ಅಲ್ಲಿ ಮಾಡುವುದನ್ನೇ ಇಲ್ಲೂ ಮಾಡುತ್ತೇನೆಂದು ದಳಪತಿಯಾದಳು. ಪಕ್ಕದ ಮನೆಯ ಬಸವರಾಜು, ಜವಳಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಹೊತ್ತು ಹೋಗದೆ ಒದ್ದಾಡುತ್ತಿದ್ದವರು, ಹಣೆ ತುಂಬ ವಿಭೂತಿ ಧರಿಸಿ ಬಂದು ಕುದುರೆ ವ್ಯಾಪಾರಿಯಾದರು. ಅತ್ತೆಯನ್ನು ಸುಮ್ಮನೆ ಪಕ್ಕದಲ್ಲಿ ಕೂರಿಸಿಕೊಂಡಿದ್ದೆವು. ಅವರು ತಾವಾಗಿಯೇ, "ನಂದೂ ಒಂದಿರ್ಲಿ. ಚೆನ್ನವ್ವ ಅಂತ, ಬೇಟೆಗಾತಿ. ಎರಡು ಕಣ್ಣೂ ಹದ್ದಿನಂಗೆ ಕಾಣಬೇಕು ಅವಳಿಗೆ" ಎಂದರು. ಮೇಘನಾ ಹಾಗೆಯೇ ಬರೆದುಕೊಂಡಳು.

ಮೊದಮೊದಲು ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನು ಕಾಡನ್ನು ವರ್ಣಿಸಿ ವರ್ಣಿಸಿ ಸುಸ್ತಾದರೆ ಬಸವರಾಜು "ಸರಿ ಮೇಷ್ಟ್ರೇ, ಮುಂದೆ?" ಎನ್ನುತ್ತಿದ್ದರು. ಮುಂದೆ ಏನು ಎಂಬುದು ನನಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಗವಿಯೊಳಗೆ ಏನಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸಲು ಕೂತರೆ ಎದೆ ಡವಗುಟ್ಟಿ ಎದ್ದುಬಿಡುತ್ತಿದ್ದೆ. ನಾನೇ ಇಟ್ಟ ರಾಕ್ಷಸನಿಗೆ ನಾನೇ ಹೆದರಬೇಕಾದ ಪರಿಸ್ಥಿತಿ. ಆಗ ಮೇಘನಾ ಒಂದು ಉಪಾಯ ಹೇಳಿದಳು. ಯಾರು ಕಥೆಗೆ ತಮ್ಮ ಕಡೆಯಿಂದ ಏನಾದರೂ ಒಳ್ಳೆಯದನ್ನು ಸೇರಿಸುತ್ತಾರೋ ಅವರಿಗೆ ಬಹುಮಾನ ಕೊಡುವುದು. ಬಹುಮಾನ ಇದ್ದವರು ಕೆಟ್ಟ ದಾಳ ಬಿದ್ದಾಗ ಅದನ್ನು ಕೊಟ್ಟು ಇನ್ನೊಮ್ಮೆ ದಾಳ ಹಾಕಬಹುದು. ಅರ್ಧ ಅಂಕದ ಮೇಷ್ಟ್ರಿಗೆ ಇದಕ್ಕಿಂತ ಒಗ್ಗುವ ಪದ್ಧತಿ ಇನ್ಯಾವುದಿದೆ?

ಮೊದಲು ಕೋಡುಬಳೆ ಕೊಟ್ಟೆವು. ಬಸವರಾಜು ತಮ್ಮ ಕುದುರೆಗೆ ಮಳೆ ಬರುವುದು ಮೊದಲೇ ಗೊತ್ತಾಗುತ್ತದೆ ಎಂದು ಹೇಳಿ ಒಂದು ಕೋಡುಬಳೆ ಗಳಿಸಿದರು, ಗಳಿಸಿದ್ದನ್ನು ತಿಂದರು, ಆಮೇಲೆ ದಾಳ ಕೆಟ್ಟಾಗ ಇನ್ನೊಮ್ಮೆ ಹಾಕುತ್ತೇನೆಂದರು. ಕೋಡುಬಳೆ ಎಲ್ಲಿ ಎಂದರೆ ಹೊಟ್ಟೆ ಮುಟ್ಟಿ ತೋರಿಸಿ, "ಎಲ್ಲೂ ಹೋಗಿಲ್ಲವಲ್ಲ ಮೇಷ್ಟ್ರೇ, ನನ್ನ ಹತ್ರಾನೇ ಇದೆ" ಎಂದರು. ನ್ಯಾಯ ಅವರ ಕಡೆಯೇ ಇದ್ದಂತೆ ತೋರಿತು. ಮುಂದಿನ ವಾರ ಹುಣಸೆ ಬೀಜ ಮಾಡಿದೆವು. ಅತ್ತೆ ಆಗಷ್ಟೇ ವರ್ಷದ ಹುಣಸೆಹಣ್ಣು ಬಿಡಿಸಿದ್ದರು. ಅವರ ಸೆರಗಿನ ಗಂಟಿನಿಂದ ಬೀಜ ಬರುತ್ತಲೇ ಇದ್ದವು, ಚೆನ್ನವ್ವನಿಗೆ ಸೋಲೇ ಇಲ್ಲದಾಯಿತು. ಅಂಗಿಯ ಗುಂಡಿ ಮಾಡಿದರೆ ಬಸವರಾಜು ಅವರ ಮನೆಯಲ್ಲಿ ಡಬ್ಬಿಗಟ್ಟಲೆ ಗುಂಡಿ. ಕಡೆಗೆ ಅತ್ತೆಯ ಹಳೆಯ ಚೌಕಾಬಾರದ ಕವಡೆಗಳನ್ನು ಹುಡುಕಿ ತೆಗೆದು, ಬಟ್ಟಲಿನಲ್ಲಿ ಹಾಕಿ, ಬಟ್ಟಲನ್ನು ನನ್ನ ಮೊಣಕೈ ಪಕ್ಕ ಇಟ್ಟುಕೊಂಡೆ. ಕವಡೆಯನ್ನು ತಿನ್ನುವಂತಿಲ್ಲ, ಸರಸ್ವತಿಪುರಂನ ಅಂಗಡಿಗಳಲ್ಲಿ ಅದು ಸುಲಭಕ್ಕೆ ಸಿಗುವುದೂ ಇಲ್ಲ.

ಕವಡೆ ಬಂದ ಮೇಲೆ ಕಥೆಗೆ ಜೀವ ಬಂತು. ಅದರಲ್ಲೂ ಅತ್ತೆ ಬಾಯಿ ತೆರೆದರೆ ನಮಗೆಲ್ಲ ಮೈ ಜುಂ ಎನ್ನುತ್ತಿತ್ತು. ನಾಲ್ವರೂ ಗವಿಯ ಹತ್ತಿರಕ್ಕೆ ಬಂದ ದಿನ ಅತ್ತೆ ಕೈಯೆತ್ತಿ ಎಲ್ಲರನ್ನೂ ತಡೆದು ಹೇಳಿದರು: "ತಡೀರಿ. ಚೆನ್ನವ್ವಂಗೆ ಏನೋ ಕೇಳಿಸ್ತದೆ. ಗವಿ ಒಳಗಿಂದ ಯಾರೋ ಉಸಿರಾಡಿದಂಗೆ. ನಾವು ಉಸಿರು ಬುಟ್ರೆ ಅದೂ ಬುಡ್ತದೆ, ನಾವು ಹಿಡಿದ್ರೆ ಅದೂ ಹಿಡೀತದೆ. ಇವತ್ತು ಬ್ಯಾಡ." ನಡು ಮಧ್ಯಾಹ್ನ, ಹೊರಗೆ ಸೌತೆಕಾಯಿಯವನು ಕೂಗುತ್ತಿದ್ದಾನೆ, ನಾನು ಮಾತ್ರ ಉಸಿರು ಹಿಡಿದುಕೊಂಡು ಕೂತಿದ್ದೆ. ನನ್ನ ಕೈ ತಾನಾಗಿಯೇ ಬಟ್ಟಲಿಗೆ ಹೋಗಿ ಒಂದು ಕವಡೆಯನ್ನು ಅವರ ಮುಂದೆ ಇಟ್ಟಿತು. ಮುಂದಿನ ಭಾನುವಾರ ಗವಿಗೆ ಹೋಗುವ ದಾರಿಯಲ್ಲಿ ಹೆಜ್ಜೇನು ಎದ್ದವು; ಕವಡೆ. ಅದರ ಮುಂದಿನ ವಾರ ಗವಿಯ ಬಾಗಿಲಲ್ಲಿ ಬಾಣಂತಿ ಚಿರತೆಯೊಂದು ಮರಿಗಳನ್ನು ಇಟ್ಟುಕೊಂಡು ಮಲಗಿತ್ತು, ಬಾಣಂತಿಯನ್ನು ಎಬ್ಬಿಸುವುದುಂಟೆ ಎಂದರು, ಕವಡೆ. ಹೀಗೆಯೇ ತಿಂಗಳುಗಳು ಕಳೆದವು. ಸಾಕು, ತಗೊಳ್ಳಿ, ಇನ್ನು ಹೇಳಬೇಡಿ ಎಂಬಂತೆ ನಾನು ಕೊಡುತ್ತಿದ್ದೆ. ಜೊತೆಗೆ ಇನ್ನೊಂದು ಲಾಭವಿತ್ತು. ಅವರು ಗವಿಯೊಳಗೆ ಹೋಗದಿದ್ದರೆ ಒಳಗೇನಿದೆ ಎಂದು ನಾನು ಹೇಳಬೇಕಾಗಿಯೇ ಇರಲಿಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ ಸುಮಿತ್ರ ಒಗ್ಗರಣೆ ಸೌಟನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಏನ್ರೀ, ನಮ್ಮಮ್ಮ ಎಷ್ಟು ತಿಂಗಳಿಂದ ಗವಿ ಬಾಗಿಲಲ್ಲೇ ನಿಂತಿದಾರೆ ನೋಡಿದ್ರಾ?"

"ಕಥೆ ಚೆನ್ನಾಗಿ ಹೇಳ್ತಾರಲ್ಲ, ಅದಕ್ಕೆ..."

"ಒಳಗೆ ಹೋಗದೆ ಇರೋದಕ್ಕೆ ನೆಪ ಹೇಳ್ತಾರೆ. ನೀವು ಒಂದೊಂದು ನೆಪಕ್ಕೂ ಬಹುಮಾನ ಕೊಡ್ತೀರಿ. ಭಾನುವಾರ ಇಲ್ಲಿ ಅಭ್ಯಾಸ ಮಾಡ್ಕೊಂಡು ಸೋಮವಾರ ಡಾಕ್ಟ್ರ ಹತ್ರ ಅದನ್ನೇ ಹೇಳ್ತಾರೆ. ಇವತ್ತು ಆಸ್ಪತ್ರೆಯಿಂದ ಫೋನ್ ಬಂದ್ರೆ ಏನಂದ್ರು ಗೊತ್ತಾ? ಪಕ್ಕದ ಬೀದೀಲಿ ಬೆಕ್ಕು ಮರಿ ಹಾಕಿದೆ, ಮರಿಗಳು ಕಣ್ಣು ಬಿಡಲಿ ಅಂದ್ರು."

ನಾನು ನಗಲು ಹೋದೆ, ಆಗಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅತ್ತೆಗೆ ಕಣ್ಣಿನ ಹೆದರಿಕೆ, ನನಗೆ ಅತ್ತೆಯ ಕಣ್ಣಿನ ಹೆದರಿಕೆ. ನಾವಿಬ್ಬರೂ ಸೇರಿ, ಒಬ್ಬರು ನೆಪ ಹೂಡಿ ಇನ್ನೊಬ್ಬರು ಬಹುಮಾನ ಕೊಟ್ಟು, ಆಪರೇಷನ್ನನ್ನು ಮುಂದೂಡುತ್ತಾ ಬಂದಿದ್ದೆವು. ಆ ವಾರ ಎರಡು ಘಟನೆ ಬೇರೆ ನಡೆದವು. ಅತ್ತೆ ನನಗೆ ಕಾಫಿ ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಬಗ್ಗಿಸಿದರು, ಬಿಸಿ ಕಾಫಿ ಅವರ ಪಾದದ ಮೇಲೆಯೇ ಬಿತ್ತು. "ಲೋಟ ಜರುಗಿಸಿಬುಟ್ರಾ ಅಳಿಯಂದ್ರೇ" ಎಂದು ಕೇಳಿದರು. ಹೂಂ ಅತ್ತೆ, ಜರುಗಿಸಿದೆ ಎಂದೆ. ಎರಡು ದಿನದ ಮೇಲೆ ಬಾಗಿಲಿಗೆ ಬಂದ ಮೇಘನಾಳನ್ನು ಯಾರು ಬೇಕಾಗಿತ್ತು ಎಂದು ವಿಚಾರಿಸಿದರು. ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಡಾಕ್ಟರಮ್ಮನೂ, ಪೊರೆ ಗಟ್ಟಿಯಾಗುತ್ತಿದೆ, ಇನ್ನೂ ತಡವಾದರೆ ತೆಗೆಯುವುದು ಕಷ್ಟ ಎಂದು ಹೇಳಿ ಕಳಿಸಿದರು. ಮಾಡಿಸಿದರೆ ಏನಾಗುತ್ತದೋ ಎನ್ನುವ ಹೆದರಿಕೆಯ ಜೊತೆಗೆ ಮಾಡಿಸದಿದ್ದರೆ ಏನಾಗುತ್ತದೋ ಎನ್ನುವುದೂ ಸೇರಿಕೊಂಡು ನನಗೆ ಊಟ ಸೇರದಂತಾಯಿತು.

ಭಾನುವಾರ ಗಟ್ಟಿ ಮನಸ್ಸು ಮಾಡಿ ಕೂತೆ. ನೆಪಕ್ಕೆ ಕವಡೆಯಿಲ್ಲ, ಮುಂದೆ ಹೆಜ್ಜೆ ಇಟ್ಟವರಿಗೆ ಮಾತ್ರ ಎಂದು ಸಾರಿದೆ. ಸಾರುವಾಗ ದನಿ ಸ್ವಲ್ಪ ನಡುಗಿದ್ದನ್ನು ಬಿಟ್ಟರೆ ಚೆನ್ನಾಗಿಯೇ ಸಾರಿದೆ. ಅತ್ತೆ ಏನೂ ಬೇಸರ ಮಾಡಿಕೊಳ್ಳಲಿಲ್ಲ. ಮೆಲ್ಲಗೆ, "ಗವಿ ಬಾಯಲ್ಲಿ ಒಂದು ಕೂಸು ಅಳ್ತಾ ಕೂತದೆ. ಹತ್ರ ಹೋಗಿ ನೋಡಿದ್ರೆ ಅದಕ್ಕೆ ಮುಖವೇ ಇಲ್ಲ. ನಮ್ಮಳಿಯಂದ್ರ ಅಂಗಿ ಹಾಕ್ಕೊಂಡದೆ" ಎಂದರು. ನನ್ನ ಕೈ ಬಟ್ಟಲಿಗೆ ಹೋಗಿತ್ತು. ಸುಮಿತ್ರ ಬಟ್ಟಲನ್ನು ಎಳೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಇದು ಆಟದ ವಿಷಯವಲ್ಲ ಎನ್ನುವುದು ಎಲ್ಲರಿಗೂ ತಿಳಿದಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಗ ಬಸವರಾಜು ಗಂಟಲು ಸರಿಮಾಡಿಕೊಂಡರು. "ಮೇಷ್ಟ್ರೇ, ನಾನು ಒಂದು ಸೇರಿಸ್ಲಾ ಕಥೆಗೆ? ಈ ಕುದುರೆ ವ್ಯಾಪಾರಿ ಒಂದು ವಿಷಯ ಮುಚ್ಚಿಟ್ಟಿದ್ದ. ಅವನು ಈ ಗವಿಗೆ ಮೊದಲೇ ಹೋಗಿ ಬಂದಿದಾನೆ. ಎರಡು ಸಲ."

ಅತ್ತೆ ಅವರ ದನಿ ಬಂದ ಕಡೆ ತಿರುಗಿದರು. "ಒಳಗೆ ಏನದೆ ಸಾಹುಕಾರ್ರೇ?"

"ತಣ್ಣಗಿದೆ ಕಣಮ್ಮ. ಫ್ರಿಜ್ಜಿನ ಒಳಗೆ ಕೂತಂಗೆ. ಬಾಗಿಲಲ್ಲಿ ಒಬ್ಬಳು ಹೆಸರು ಕೇಳ್ತಾಳೆ. ಹೇಳಿ ಮುಗಿಸೋ ಹೊತ್ತಿಗೆ ಇನ್ನೊಬ್ಬಳು ಬಂದು ಕೇಳ್ತಾಳೆ. ಅದೆಷ್ಟು ಜನ ಕೇಳಿದ್ರು ಅಂದ್ರೆ ಕೊನೆಗೆ ನನ್ನ ಹೆಸರು ನನಗೇ ಅನುಮಾನ ಬಂತು. ಆಮೇಲೆ ಕಣ್ಣಿಗೆ ಮಂತ್ರದ ನೀರು ಬಿಡ್ತಾರೆ. ಉರಿಯುತ್ತೆ, ಸುಳ್ಳು ಹೇಳಲ್ಲ. ಮಲಗಿಸಿ ಮುಖದ ಮೇಲೆ ಬಟ್ಟೆ ಹಾಕ್ತಾರೆ. ಅದೇ ಕಷ್ಟದ ಜಾಗ. ಎದ್ದು ಓಡಿಬಿಡೋಣ ಅನ್ಸುತ್ತೆ. ಅಷ್ಟರಲ್ಲಿ ಮೇಲಿಂದ ಒಂದು ಬೆಳಕು ಬರುತ್ತೆ, ಅದನ್ನೇ ನೋಡ್ತಿರಿ ಅಂತಾರೆ. ನೋಡ್ತಾ ನೋಡ್ತಾ ಅದು ಒಡೆದು ಬಣ್ಣಬಣ್ಣ ಆಗುತ್ತೆ, ನಮ್ಮಂಗಡೀಲಿ ಮದುವೆ ಸೀರೆ ಹರಡಿದಂಗೆ."

"ಮತ್ತೆ ರಾಕ್ಷಸ?"

"ಅವನು ಪಕ್ಕದವನ ಹತ್ರ ಹಿಂದಿನ ದಿನ ತಿಂದ ಮಸಾಲೆದೋಸೆ ವಿಚಾರ ಮಾತಾಡ್ತಿದ್ದ ಕಣಮ್ಮ. ಚಟ್ನಿ ಸರಿಯಿರಲಿಲ್ಲವಂತೆ. ಚಟ್ನಿ ಮಾತು ಮುಗಿಯೋ ಹೊತ್ತಿಗೆ, ಆಯ್ತು ಎದ್ದೇಳಿ ಅಂದುಬಿಟ್ರು."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಿಮಗೆ ಎರಡು ಗವಿ ಇತ್ತು ಸಾಹುಕಾರ್ರೇ. ಒಂದು ಕುಸಿದಿದ್ರೆ ಇನ್ನೊಂದಿರ್ತಿತ್ತು. ನಂಗಿರೋದು ಒಂದೇಯ."

"ನಿಜ ಕಣಮ್ಮ," ಎಂದರು ಬಸವರಾಜು. "ನಿಮ್ಮ ಹೆದರಿಕೆ ಸುಳ್ಳು ಅಂತ ನಾನು ಹೇಳಲ್ಲ. ನಾನು ಹೋಗಿ ಬಂದಿದ್ದು ಹೇಳಿದೆ, ಅಷ್ಟೆ."

ಅವರು ಹೀಗೆ ಪ್ರಾಮಾಣಿಕವಾಗಿ ಒಪ್ಪಿಕೊಂಡದ್ದು ನನಗೆ ತಪ್ಪೆನಿಸಿತು. ಏನೂ ಆಗುವುದಿಲ್ಲ ಬಿಡಿ ಎಂದು ಹೇಳಬಾರದಿತ್ತೇ ಎಂದುಕೊಂಡೆ. ಆದರೆ ಆ ಮಾತನ್ನು ಅತ್ತೆಗೆ ನಾವೆಲ್ಲ ತಿಂಗಳುಗಟ್ಟಲೆ ಹೇಳಿದ್ದೆವು, ಅದರಿಂದ ಏನೂ ಆಗಿರಲಿಲ್ಲ. ಈಗ ಅತ್ತೆ ತಲೆಯಾಡಿಸಿ, "ಒಳಿಕ್ಕೆ ಒಬ್ಬರೇ ಹೋಗಬೇಕಾ?" ಎಂದು ಕೇಳಿದರು. ಒಬ್ಬರೇ ಎಂದರು ಬಸವರಾಜು. "ಹೊರಗೆ ಯಾರು ಕೂತಿರ್ತಾರೆ?" ನಾನಿರ್ತೀನಮ್ಮ ಎಂದಳು ಸುಮಿತ್ರ.

"ನೀನು ಬ್ಯಾಡ ಕಣೆ. ನೀನು ಧೈರ್ಯವಾಗಿ ಕೂತಿರ್ತೀಯ. ಅದರಿಂದ ನಂಗೇನು ಬಂತು? ಅಳಿಯಂದ್ರು ಕೂರ್ಲಿ. ಅವರು ಹೆದರೋದ್ರಲ್ಲಿ ಮೋಸ ಮಾಡೋರಲ್ಲ. ಹೊರಗೆ ಕೂತು ನನ್ನ ಪಾಲಿಂದೂ ಅವರೇ ಹೆದರ್ತಾ ಇದ್ರೆ ನಾನು ಒಳಗೆ ಸುಮ್ನೆ ಮಲಗಿರ್ಬೋದು."

ನನ್ನ ಜೀವಮಾನದಲ್ಲಿ ಯಾರೂ ನನ್ನ ಗುಣವೊಂದನ್ನು ಹೀಗೆ ಗುರುತಿಸಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಸುಮಿತ್ರಳ ಮಡಿಲಿನಿಂದ ಬಟ್ಟಲು ತೆಗೆದುಕೊಂಡು ಅಷ್ಟೂ ಕವಡೆಯನ್ನು ಬಸವರಾಜು ಅವರ ಮುಂದೆ ಸುರಿದೆ. ಅವರು ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹಿಂದಕ್ಕೆ ತಳ್ಳಿದರು.

ಆಪರೇಷನ್ ದಿನ ನಾನು ನನ್ನ ಕರ್ತವ್ಯಕ್ಕೆ ಚ್ಯುತಿ ಬಾರದಂತೆ ಹೆದರಿದೆ. ಅತ್ತೆಯನ್ನು ಹಸಿರು ಅಂಗಿ ಹಾಕಿ ಒಳಗೆ ಕರೆದೊಯ್ದ ಕೂಡಲೇ ಶುರು ಮಾಡಿದೆ. ಮೊದಲು ಕರೆಂಟು ಹೋದರೆ ಎಂದು ಹೆದರಿದೆ. ಆಮೇಲೆ ಡಾಕ್ಟರಮ್ಮನಿಗೆ ಸರಿಯಾಗಿ ಆ ಕ್ಷಣದಲ್ಲೇ ಸೀನು ಬಂದರೆ ಎಂದು ಹೆದರಿದೆ. ನಂತರ, ಅವಸರದಲ್ಲಿ ಮೊದಲೇ ಹೋಗಿರುವ ಎಡಗಣ್ಣಿಗೆ ಮಾಡಿಬಿಟ್ಟರೆ ಎಂದು ಹೊಳೆದು, ಅದರಿಂದ ನಷ್ಟವೇನಿಲ್ಲ ಎಂದು ಒಂದು ಕ್ಷಣ ಸಮಾಧಾನವಾಗಿ, ಸಮಾಧಾನ ಮಾಡಿಕೊಂಡದ್ದಕ್ಕೆ ಅತ್ತೆಗೆ ಅಲ್ಲಿ ಹೆದರಿಕೆಯಾಗಿರಬಹುದೆಂದು ಗಾಬರಿಬಿದ್ದು ಮತ್ತೆ ಹೆದರಲು ಕೂತೆ. ಅಂಗೈ ಬೆವರಿ, ಕೈಯಲ್ಲಿದ್ದ ಚೀಟಿ ಒದ್ದೆಯಾಯಿತು. ಹಾದು ಹೋಗುತ್ತಿದ್ದ ನರ್ಸೊಬ್ಬಳು ನಿಂತು, "ಸಾರ್, ನಿಮ್ಮನ್ನ ಇನ್ನೂ ಒಳಗೆ ಕರೆದಿಲ್ವಾ?" ಎಂದು ವಿಚಾರಿಸಿದಳು. ಪಕ್ಕದಲ್ಲಿ ಸುಮಿತ್ರ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಅವಳ ಕೈ ಮುಟ್ಟಿದರೆ ಅದು ನನ್ನ ಕೈಗಿಂತಲೂ ತಣ್ಣಗಿತ್ತು.

ಕಡೆಗೆ ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಗಾಲಿ ಕುರ್ಚಿಯಲ್ಲಿ ಬಂದರು. "ಅಳಿಯಂದ್ರು ಎಲ್ಲವ್ರೆ?" ಎಂದು ಕೈ ಚಾಚಿದರು. ಹಿಡಿದುಕೊಂಡೆ. "ಚೆನ್ನಾಗಿ ಹೆದರಿದ್ರಾ?" ಹೂಂ ಅತ್ತೆ ಎಂದೆ. "ಅದಕ್ಕೇಯ, ನಂಗೆ ನಿದ್ದೆ ಬಂದಂಗಾಗಿತ್ತು" ಎಂದರು.

ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಅತ್ತೆ ಕಣ್ಣು ಪಿಳುಕಿಸಿದರು, ನೀರು ಸುರಿಯಿತು. ಈಗಲೇ ಏನೂ ಹೇಳಲಾಗುವುದಿಲ್ಲ, ವಾರ ಬಿಟ್ಟು ಬನ್ನಿ ಎಂದರು ಡಾಕ್ಟರಮ್ಮ. ಆ ವಾರ ನಾನು ಹೇಗೆ ಕಳೆದೆ ಎನ್ನುವುದನ್ನು ವಿವರಿಸಿದರೆ ನಿಮಗೂ ಹೆದರಿಕೆಯಾಗುತ್ತದೆ. ಕಾಣಿಸುತ್ತಿದೆಯೇ ಅತ್ತೆ ಎಂದು ಕೇಳಿದರೆ "ನೋಡಾನ ಬುಡಿ" ಎನ್ನುತ್ತಿದ್ದರು. ಭಾನುವಾರ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಮೇಜಿಗೆ ಕೂತು, ಚೆನ್ನವ್ವ ಗವಿಯೊಳಕ್ಕೆ ಹೋದಳು ಎಂದರು. ಒಳಗೆ ಏನಿದೆ ಎಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಒಂದಿಷ್ಟು ಬಾವಲಿ, ಗಂಟೆ, ಮತ್ತೇನಿಲ್ಲ ಎಂದು ಅವರೇ ಹೇಳಿ, ಗಂಟೆ ಹೊತ್ತುಕೊಂಡು ಹೊರಗೆ ಬಂದುಬಿಟ್ಟರು. ಕವಡೆ ಕೊಡಲು ಹೋದರೆ ಬೇಡವೆಂದರು. ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಕವಡೆಯನ್ನೇ ಬೇಡವೆನ್ನುವವರು ಏನನ್ನೋ ಕೈಬಿಟ್ಟಿದ್ದಾರೆ, ಕಣ್ಣಿನ ಆಸೆಯನ್ನೇ ಬಿಟ್ಟಿದ್ದಾರೆ ಎಂದು ನಾನು ತೀರ್ಮಾನಿಸಿದೆ.

ವಾರದ ಮೇಲೆ ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿನ ಗೋಡೆಯಲ್ಲಿ ದೀಪ ಹಾಕಿದ ಅಕ್ಷರದ ಹಲಗೆಯನ್ನು ಓದಿಸಿದರು. ನಾಲ್ಕನೇ ಕ್ಲಾಸಿನವರೆಗೆ ಓದಿದವರು ಅತ್ತೆ. ಮೇಲಿನ ದೊಡ್ಡ ಅಕ್ಷರ ಓದಿದರು. ಅದರ ಕೆಳಗಿನದನ್ನೂ ಓದಿದರು. ನನ್ನ ಎದೆಯ ಭಾರ ಇಳಿಯತೊಡಗಿತ್ತು. ಅಷ್ಟರಲ್ಲಿ ಅವರು ನಿಲ್ಲಿಸದೆ ಇನ್ನೂ ಕೆಳಗೆ ಹೋದರು. ಅಲ್ಲಿ ಅಕ್ಷರಗಳೇ ಇರಲಿಲ್ಲ. ಸಾಸಿವೆ ಚೆಲ್ಲಿದಂತೆ ಒಂದಿಷ್ಟು ಚುಕ್ಕಿ, ಅದರ ಕೆಳಗೆ ಅದೂ ಇಲ್ಲ, ಬರಿಯ ಬಿಳಿ. ಅತ್ತೆ ಆ ಬಿಳಿಯ ಜಾಗವನ್ನು ನೋಡುತ್ತಾ ಸಲೀಸಾಗಿ ಒಂದೊಂದೇ ಅಕ್ಷರ ಹೇಳುತ್ತಿದ್ದರು. ನನಗೆ ಎಲ್ಲ ಅರ್ಥವಾಯಿತು. ಅವರು ಕಥೆ ಕಟ್ಟುತ್ತಿದ್ದರು. ಕಂಡಿಲ್ಲವೆಂದರೆ ನಾವು ನೊಂದುಕೊಳ್ಳುತ್ತೇವೆಂದು, ಇಲ್ಲದ ಅಕ್ಷರಗಳನ್ನು ಸೇರಿಸಿ ಸೇರಿಸಿ ಹೇಳುತ್ತಿದ್ದರು. ಅದನ್ನು ಅವರಿಗೆ ಕಲಿಸಿದವನು, ಸೇರಿಸಿದ್ದಕ್ಕೆಲ್ಲ ಕವಡೆ ಕೊಟ್ಟು ಕೊಟ್ಟು ರೂಢಿ ಮಾಡಿಸಿದವನು ನಾನೇ. ಗೋಡೆ ಹಿಡಿದುಕೊಂಡು, "ಡಾಕ್ಟ್ರೇ, ದಯವಿಟ್ಟು ನಂಬಬೇಡಿ. ನಮ್ಮತ್ತೆ ಕಥೆ ಹೇಳೋದ್ರಲ್ಲಿ ಗಟ್ಟಿಗರು. ಅಲ್ಲಿ ಅಂಥದ್ದೇನೂ ಇಲ್ಲ" ಎಂದೆ.

ಡಾಕ್ಟರಮ್ಮ ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು. "ಇದೆಯಲ್ಲ. ಅವರು ಎಲ್ಲಾನೂ ಸರಿಯಾಗೇ ಓದ್ತಿದಾರೆ."

ಅತ್ತೆ ಕುರ್ಚಿಯಿಂದ ಇಳಿದರು. ಅವರನ್ನು ಕೂರಿಸಿದ್ದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಟಾರ್ಚು ಬಿಟ್ಟು ಬಿಟ್ಟು ನೋಡಿದ ಡಾಕ್ಟರಮ್ಮ, ನಿಮಗೂ ಪೊರೆ ಚೆನ್ನಾಗಿಯೇ ಬಂದಿದೆ, ಎರಡೂ ಕಣ್ಣಿಗೆ, ಬೇಗ ಮಾಡಿಸಿಕೊಂಡುಬಿಡಿ, ಭಯಪಡುವಂಥದ್ದೇನಿಲ್ಲ ಎಂದರು.

ಹೊರಗೆ ಬಂದು ಆಟೊಗೆ ಕಾಯುತ್ತಾ ನಿಂತಾಗ ನಾಚಿಕೆ ಬಿಟ್ಟು ಅತ್ತೆಯನ್ನು ಕೇಳಿಯೇಬಿಟ್ಟೆ. ನಾನು ಒಳಗಿರುವಾಗ ಹೊರಗೆ ಕೂತಿರುತ್ತೀರಾ ಎಂದೆ. ಅತ್ತೆ ರಸ್ತೆಯ ಆ ಕೊನೆಯಲ್ಲಿ ಬರುತ್ತಿದ್ದ ಬಸ್ಸಿನ ಬೋರ್ಡನ್ನು ಓದುತ್ತಿದ್ದವರು ನನ್ನ ಕಡೆ ತಿರುಗಿದರು. "ಕೂತ್ಕತೀನಿ, ಅದಕ್ಕೇನು. ಆದ್ರೆ ನನ್ನಿಂದ ನಿಮಗೆ ಉಪಯೋಗ ಇಲ್ಲ ಅಳಿಯಂದ್ರೇ. ನಂಗೀಗ ಹೆದರಿಕೆ ಪೂರ್ತಿ ಹೋಗ್ಬುಟ್ಟದೆ. ಯಾರನ್ನಾರ ಹೆದರೋರನ್ನ ನೋಡ್ಕಳಿ."

ಅಂದಿನಿಂದ ಹುಡುಕುತ್ತಿದ್ದೇನೆ. ಸುಮಿತ್ರ ಹೊರಗೆ ತೋರಿಸಿಕೊಳ್ಳುವುದಿಲ್ಲ, ಬಸವರಾಜು ಅವರಿಗೆ ಚಟ್ನಿಯ ಮಾತು ಬಂದರೆ ನಗು ಬರುತ್ತದೆ, ಮೇಘನಾ ಈಗಿನ ಕಾಲದವಳು. ನನ್ನ ಪಾಲಿನದನ್ನು ನಂಬಿ ಒಪ್ಪಿಸಬಹುದಾದಂಥ, ಹೆದರುವುದರಲ್ಲಿ ಮೋಸ ಮಾಡದ ಮನುಷ್ಯರು ಈ ಊರಿನಲ್ಲಿ ಇಷ್ಟು ವಿರಳವೆಂದು ತಿಳಿದಿರಲಿಲ್ಲ. ವಿದ್ಯಾರಣ್ಯಪುರಂನಲ್ಲಿ ಒಬ್ಬರಿದ್ದಾರೆ, ನಿಮಗಿಂತ ಒಂದು ಕೈ ಮೇಲು ಎಂದು ಶಾಲೆಯ ಡ್ರಾಯಿಂಗ್ ಮೇಷ್ಟ್ರು ನಂಬರು ಕೊಟ್ಟರು. ನಿನ್ನೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ; ಗೊತ್ತಿಲ್ಲದ ನಂಬರೆಂದರೆ ಅವರಿಗೆ ಭಯವಂತೆ. ಸರಿಯಾದ ಮನುಷ್ಯರೇ ಸಿಕ್ಕಿದರು ಎಂದು ಸಂತೋಷವಾಯಿತು. ಸಂಜೆ ಇನ್ಯಾವುದೋ ನಂಬರಿನಿಂದ ನನಗೆ ಫೋನ್ ಬಂತು. ಬಹುಶಃ ಅವರೇ ಮನೆಯವರ ಫೋನಿನಿಂದ ಮಾಡಿದ್ದಿರಬೇಕು. ಇಲ್ಲದೆಯೂ ಇರಬಹುದಲ್ಲ ಎನಿಸಿತು. ಅದು ನಿಲ್ಲುವ ತನಕ ನೋಡುತ್ತಾ ಕೂತೆ, ಎತ್ತಲಿಲ್ಲ.